ಮಕರಪುರದಲ್ಲಿ ಕಡಿಯದ ಕರೆ

ಸೂರತ್ತಿನ ಹುದ್ದೆ ನನಗೆ ಬೇಕಾಗಿತ್ತು. ಇದು ಗುಟ್ಟಿನ ವಿಷಯವೇನೂ ಆಗಿರಲಿಲ್ಲ. ವಡೋದರಾದ ನಮ್ಮ ಆಫೀಸಿನಲ್ಲಿ ಚಹಾ ತರುವವರಿಗೂ ಗೊತ್ತಿತ್ತು.

ನಾವು ಗಂಡಹೆಂಡತಿ ಇಬ್ಬರೂ ಧಾರವಾಡದ ಕಡೆಯವರು. ನನ್ನ ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಅವರಿಗೆ ವಡೋದರಾಕ್ಕೆ ವರ್ಗವಾದಾಗ ನಾನೂ ಜೊತೆಗೆ ಬಂದು, ಅಲ್ಲಿ ಹೊಸದಾಗಿ ಬೆಳೆಯುತ್ತಿದ್ದ ಒಂದು ಮೊಬೈಲ್ ಕಂಪನಿಯಲ್ಲಿ ಎಂಜಿನಿಯರಾಗಿ ಸೇರಿದೆ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಬ್ಯಾಂಕಿನವರು ಅವರನ್ನು ಸೂರತ್ತಿಗೆ ಎತ್ತಿಹಾಕಿದರು. ನಾನು ವಡೋದರಾದಲ್ಲೇ ಉಳಿದೆ. ಶನಿವಾರ ಮಧ್ಯಾಹ್ನದ ರೈಲಿಗೆ ಸೂರತ್ತಿಗೆ ಹೋಗುವುದು, ಭಾನುವಾರ ಸಂಜೆ ಮರಳುವುದು ರೂಢಿಯಾಯಿತು. ಎರಡು ಊರಿನಲ್ಲಿ ಎರಡು ಅಡುಗೆಮನೆ. ಒಂದರಲ್ಲಿ ಇಲ್ಲದ ಡಬ್ಬಿ ಇನ್ನೊಂದರಲ್ಲಿ ಇರುತ್ತಿತ್ತು.

ಇದು ಎರಡು ಸಾವಿರದ ನಂತರದ ಮೊದಲ ಕೆಲವು ವರ್ಷಗಳ ಮಾತು. ಎಂಜಿನಿಯರಿಂಗ್ ಮುಗಿಸಿ ಕೆಲಸ ಸಿಗದಿದ್ದ ಕಾಲದಲ್ಲಿ ನಾನು ಹುಬ್ಬಳ್ಳಿಯ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳುವುದು ಅಲ್ಲಿ ಕಲಿತದ್ದು. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ನಾನು ಕಂಡದ್ದೇ.

ನನ್ನ ಕೆಲಸವೇನೆಂದು ಮೊದಲು ಹೇಳಬೇಕು. ಮೊಬೈಲ್ ಟವರಿಗೆ ಮಾತನ್ನು ಸಾಗಿಸುವ ಲೈನು ಬೇಕು, ಅದರೊಂದಿಗೆ ತಾಳವೂ ಬೇಕು. ಟವರಿನ ಬುಡದಲ್ಲಿರುವ ಯಂತ್ರ ಒಂದೇ ವೇಗದಲ್ಲಿ ಮಿಡಿಯುತ್ತಿರಬೇಕು, ಪಕ್ಕದ ಟವರಿನದೂ ಅದೇ ವೇಗದಲ್ಲಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಕಾರಿನಲ್ಲಿ ಮಾತಾಡುತ್ತಾ ಹೋಗುವವರನ್ನು ಒಂದು ಟವರು ಇನ್ನೊಂದಕ್ಕೆ ದಾಟಿಸುವ ಹೊತ್ತಿಗೆ ಕರೆ ಕಡಿದುಹೋಗುತ್ತದೆ. ಈ ಮಿಡಿತಕ್ಕೆ ನಾವು ಕ್ಲಾಕ್ ಎನ್ನುತ್ತಿದ್ದೆವು. ಮುಖ್ಯ ಕ್ಲಾಕ್ ಅಹಮದಾಬಾದಿನಲ್ಲಿತ್ತು. ಅದು ಇ-ಒನ್ ಎಂಬ ಹಳೆಯ ಬಗೆಯ ಲೈನುಗಳಲ್ಲಿ ಮಾತಿನ ಜೊತೆಗೇ ಹರಿದು ವಡೋದರಾಕ್ಕೆ, ಅಲ್ಲಿಂದ ಸೂರತ್ತಿಗೆ ತಲುಪುತ್ತಿತ್ತು. ಆ ಲೈನುಗಳನ್ನು ಕಾಯುವುದು ನನ್ನ ಕೆಲಸ.

ಇ-ಒನ್ ದುಬಾರಿ, ಹಿಡಿಸುವುದೂ ಕಡಿಮೆ. ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಅಗ್ಗ, ಎಷ್ಟು ಬೇಕಾದರೂ ಹಿಡಿಸುತ್ತದೆ. ಆದರೆ ಅದರಲ್ಲಿ ಮಾಹಿತಿ ಹೋಗುವುದು ಕಟ್ಟುಕಟ್ಟಾಗಿ, ದಾರಿ ಬಿಡುವಾದಾಗ. ಅದಕ್ಕೆ ತಾಳವಿಲ್ಲ. ಸೂರತ್ತಿನಲ್ಲಿ ಕಂಪನಿ ಹೊಸದಾಗಿ ಹಾಕಲಿದ್ದ ಟವರುಗಳಿಗೆಲ್ಲ ಈಥರ್ನೆಟ್ಟೇ ಎಂದು ತೀರ್ಮಾನವಾಗಿತ್ತು. ಅದರ ಮೇಲೆ ಕ್ಲಾಕನ್ನು ಕಳಿಸುವುದು ಹೇಗೆ ಎಂಬ ಪ್ರಶ್ನೆ ಉಳಿದಿತ್ತು. ಉತ್ತರ ತೋರಿಸಿದವರಿಗೆ ಸೂರತ್ತಿನ ಮುಖ್ಯಸ್ಥರ ಕುರ್ಚಿ ಸಿಗುವುದಿತ್ತು.

ಉತ್ತರ ತೋರಿಸಿದ್ದು ಕುಂದಾಪುರದ ಕಡೆಯ ಒಬ್ಬ ಹುಡುಗ. ಹುಡುಗ ಎನ್ನುವುದು ನನ್ನ ಅಸೂಯೆಯ ಮಾತು. ಅವನಿಗೆ ಇಪ್ಪತ್ತೆಂಟು ದಾಟಿತ್ತು. ಅಹಮದಾಬಾದಿನ ಮುಖ್ಯ ಆಫೀಸಿನಲ್ಲಿದ್ದ. ವಸ್ತ್ರಾಪುರದಲ್ಲಿ ಅವನ ಚಿಕ್ಕಪ್ಪನ ಹೋಟೆಲಿತ್ತು. ಮೀಟಿಂಗಿಗೆಂದು ನಾವು ಅಲ್ಲಿಗೆ ಹೋದಾಗಲೆಲ್ಲ ಆ ಹೋಟೆಲಿನಿಂದ ನೀರುದೋಸೆ ಬರುತ್ತಿತ್ತು. ಗುಜರಾತಿ ಸಾಹೇಬರು ಅದನ್ನು ಸಕ್ಕರೆ ಹಚ್ಚಿಕೊಂಡು ತಿನ್ನುತ್ತಿದ್ದರು.

ಅವನ ಉಪಾಯ ಹೀಗಿತ್ತು: ಅಹಮದಾಬಾದಿನಿಂದ ಹೊರಡುವ ಪ್ರತಿ ಕಟ್ಟಿನ ಮೇಲೂ ಹೊರಟ ಸಮಯದ ಮುದ್ರೆ ಒತ್ತುವುದು, ಟವರಿನ ಬುಡದಲ್ಲಿ ಒಂದು ಸಣ್ಣ ಪೆಟ್ಟಿಗೆ ಆ ಮುದ್ರೆಗಳನ್ನು ಓದಿ ಮಿಡಿತವನ್ನು ಮತ್ತೆ ಕಟ್ಟಿಕೊಳ್ಳುವುದು. ಉಪಾಯ ಅವನೊಬ್ಬನದಲ್ಲ, ಹೊರದೇಶಗಳಲ್ಲಿ ಆಗಲೇ ಅದರ ಚರ್ಚೆ ನಡೆದಿತ್ತು. ನಾನೂ ಓದಿದ್ದೆ. ಓದಿದ್ದನ್ನು ಹಿಂದೊಂದು ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ, ಚಿತ್ರ ಸಮೇತ ವಿವರಿಸಿದ್ದೆ. ಆಗ ಸಾಹೇಬರು ಎರಡು ಸಲ ಆಕಳಿಸಿದ್ದರು.

ಅವನು ಹೋಟೆಲಿನ ಮಾತು ತೆಗೆದ. ಸಾಹೇಬರಿಗೆ ಹಿಂದಿಯಲ್ಲಿ ಹೇಳಿದ್ದನ್ನೇ ಆಮೇಲೆ ನನಗೆ ಕನ್ನಡದಲ್ಲಿ ಮತ್ತೆ ಹೇಳಿದ, ನನಗೆ ತಿಳಿದಿರಲಿಕ್ಕಿಲ್ಲ ಎಂಬಂತೆ.

"ಅಕ್ಕ, ನಮ್ಮ ಹೋಟೆಲಿಂದ ಒಂದೇ ಆಫೀಸಿಗೆ ದಿನಾ ಸುಮಾರು ಪಾರ್ಸೆಲ್ ಹೋಗ್ತದೆ ಅಂತ ಇಟ್ಕೊಳ್ಳಿ. ಎಲ್ಲದರ ಮೇಲೆ ಹೊರಟ ಟೈಮ್ ಬರ್ದುಂಟು. ಕೆಲವು ಟ್ರಾಫಿಕ್ಕಲ್ಲಿ ಸಿಕ್ಕಿ ತಣ್ಣಗಾಗಿ ಬರ್ತದೆ. ಅದನ್ನು ಬಿಟ್ಬಿಡಿ. ಬಿಸಿ ಬಿಸಿ ಬಂದದ್ದನ್ನು ಮಾತ್ರ ನೋಡಿದ್ರೆ ಆಯ್ತು, ಹೋಟೆಲಿನ ಗಡಿಯಾರ ಹೇಗೆ ಓಡ್ತಾ ಉಂಟು ಅಂತ ಗೊತ್ತಾಗ್ತದೆ ಅಲ್ವಾ?"

"ಗೊತ್ತಾಗ್ತದ," ಎಂದೆ. ಸಾಹೇಬರು ಬೆರಳು ಒರೆಸಿಕೊಳ್ಳುತ್ತಾ, "ಬೇನ್, ಈಗ ನನಗೆ ಅರ್ಥವಾಯಿತು ನೋಡಿ, ಇಷ್ಟು ಸುಲಭ!" ಎಂದು ನನ್ನ ಕಡೆ ತಿರುಗಿ ನಕ್ಕರು.

ಪರೀಕ್ಷೆಗೆ ವಡೋದರಾದ ಮಕರಪುರವನ್ನು ಆರಿಸಿದರು. ಕಾರ್ಖಾನೆಗಳ ಪ್ರದೇಶ, ಫೋನು ದಟ್ಟಣೆ ಹೆಚ್ಚು, ಟವರುಗಳು ಹತ್ತಿರ ಹತ್ತಿರ. ಅವನು ಅಹಮದಾಬಾದಿನಿಂದ ಬಂದು ಮೂರು ಟವರುಗಳಲ್ಲಿ ಪೆಟ್ಟಿಗೆ ಕೂರಿಸಿದ. ಆ ವಾರ ಅವನಿಗೆ ಊಟ ನಮ್ಮ ಮನೆಯಲ್ಲಿ. ಶನಿವಾರ ನನ್ನ ಗಂಡನೇ ಸೂರತ್ತಿನಿಂದ ಬಂದಿದ್ದರು. ಅವನು ಅವರನ್ನು ಭಾವ ಎಂದು ಕರೆಯತೊಡಗಿದ. ನಾನು ಅಕ್ಕನಾದ ಮೇಲೆ ಅದು ಸಹಜವೇ. ನನ್ನ ಗಂಡನಿಗೆ ಅದು ಎಷ್ಟು ಹಿಡಿಸಿತೆಂದರೆ, ಅವನು ಹೊರಟ ಮೇಲೆ, "ಎಷ್ಟ್ ಚಂದ ತಿಳಿಸಿ ಹೇಳ್ತಾನ ನೋಡು. ಈ ಕ್ಲಾಕ್ ಅಂದ್ರ ಏನು ಅಂತ ನನಗ ಇವತ್ತ ಗೊತ್ತಾತು," ಎಂದರು. ಈ ಕೆಲಸಕ್ಕೆ ಸೇರಿದಾಗಿನಿಂದ ನಾನು ಹೇಳುತ್ತಿದ್ದದ್ದು ಅದನ್ನೇ.

ಪರೀಕ್ಷೆ ಗೆದ್ದಿತು. ವಾರಗಟ್ಟಲೆ ಒಂದು ಕರೆಯೂ ಅಸಹಜವಾಗಿ ಕಡಿಯಲಿಲ್ಲ. ಸೂರತ್ತಿಗೆ ಅವನ ಹೆಸರು ಹೆಚ್ಚುಕಡಿಮೆ ನಿಶ್ಚಯವಾಯಿತೆಂದು ಅಹಮದಾಬಾದಿನಿಂದ ಸುದ್ದಿ ಬಂತು. ಇದು ಕೇಳಿದ ಮಾತು.

ಇನ್ನು ಕಂಡದ್ದು. ಈಥರ್ನೆಟ್ ಬಂದ ಮೇಲೆ ಮಕರಪುರದ ಹಳೆಯ ಇ-ಒನ್ ಲೈನುಗಳು ಖಾಲಿ ಬಿದ್ದಿರಬೇಕಿತ್ತು. ಲೈನಿನ ಆ ತುದಿಯಲ್ಲಿ ಕೇಬಲ್ ಬಿಚ್ಚಿದರೆ ಈ ತುದಿಯಲ್ಲಿ, ನನ್ನ ಕೋಣೆಯ ಹಲಗೆಯ ಮೇಲೆ, ಕೆಂಪು ದೀಪ ಹತ್ತುತ್ತದೆ. ಆ ಮೂರು ಲೈನುಗಳ ದೀಪಗಳೂ ಹಸಿರಾಗಿಯೇ ಇದ್ದವು. ಬೇರೆಯವರ ಕೆಲಸವಾಗಿದ್ದರೆ ಬಹುಶಃ ನಾನು ಅದನ್ನು ನೋಡುತ್ತಿರಲಿಲ್ಲ. ಅವನದಾದ್ದರಿಂದ ದಿನವೂ ನೋಡುತ್ತಿದ್ದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ದಾರಿ ಹಾಕಿದ ತಕ್ಷಣ ಹಳೆಯದನ್ನು ಬಿಚ್ಚುವುದಿಲ್ಲ. ಹೊಸದು ಕೈಕೊಟ್ಟರೆ ಹಿಂದಕ್ಕೆ ಹೋಗಲು ಇರಲಿ ಎಂದು ಬಿಟ್ಟಿರುತ್ತೇವೆ. ಅವನೂ ಹಾಗೇ ಬಿಟ್ಟಿದ್ದ. ಆದರೆ ಟವರಿನ ಯಂತ್ರ, ಬೇರೆ ಹೇಳದ ಹೊರತು, ಮಿಡಿತವನ್ನು ಕೇಬಲ್ ಸಿಕ್ಕಿಸುವ ಮೊದಲನೇ ಕಿಂಡಿಯಿಂದ ತೆಗೆದುಕೊಳ್ಳುತ್ತದೆ. ಅವನು ಮಾತನ್ನೆಲ್ಲ ಎರಡನೇ ಕಿಂಡಿಗೆ, ಈಥರ್ನೆಟ್ಟಿಗೆ ವರ್ಗಾಯಿಸಿದ್ದ. ಮೊದಲನೆಯದರಲ್ಲಿ ಹಳೆಯ ಇ-ಒನ್ ಹಾಗೇ ಸಿಕ್ಕಿಕೊಂಡಿತ್ತು. ನಾನು ಮೂರೂ ಟವರುಗಳಿಗೆ ಹೋಗಿ, ಬಾಗಿಲು ತೆಗೆಸಿ ನೋಡಿದೆ. ಮಾತು ಹೊಸ ದಾರಿಯಲ್ಲಿ ಬರುತ್ತಿತ್ತು. ತಾಳ ಮಾತ್ರ ನಾನು ಕಾಯುತ್ತಿದ್ದ ಹಳೆಯ ಲೈನಿನಿಂದ. ಅವನ ಪೆಟ್ಟಿಗೆಗಳು ದೀಪ ಮಿಟುಕಿಸುತ್ತಾ ಸುಮ್ಮನೆ ಕೂತಿದ್ದವು. ಪರೀಕ್ಷೆ ನಡೆದೇ ಇರಲಿಲ್ಲ.

ಅವನಿಗೆ ಫೋನು ಮಾಡಬಹುದಿತ್ತು. ನಾನು ಸಾಹೇಬರಿಗೆ ಮಾಡಿದೆ.

ಎರಡು ದಿನದ ಮೇಲೆ ಅಹಮದಾಬಾದಿನಲ್ಲಿ ಮೀಟಿಂಗು ಕರೆದರು. ದೋಸೆ ಬಂದಿತ್ತು, ಯಾರೂ ಮುಟ್ಟಲಿಲ್ಲ. ನಾನು ನೋಡಿದ್ದನ್ನು ಹೇಳಿದೆ. ಧ್ವನಿ ನನಗೇ ತಿಳಿಯದಂತೆ ಏರಿದ್ದಿರಬೇಕು, ಸಾಹೇಬರು, "ಬೇನ್, ಶಾಂತಿಥೀ ಬೋಲೋ," ಎಂದು ಅಂಗೈ ಕೆಳಗೆ ಮಾಡಿ ಸನ್ನೆ ಮಾಡಿದರು. ಅವನ ಮುಖ ಕೆಂಪಾಯಿತು. ಅವನು ವಾದ ಮಾಡಬಹುದು, ಕೇಬಲ್ ಹಾಕಿದವರ ಮೇಲೆ ತಳ್ಳಬಹುದು ಎಂದು ಕಾದಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

"ಅಕ್ಕ ಹೇಳಿದ್ದು ಸರಿ," ಎಂದ. "ಇದು ನಾನು ನೋಡ್ಬೇಕಿತ್ತು. ಅಕ್ಕನೇ ಈಗ ಪರೀಕ್ಷೆ ಮಾಡ್ಲಿ. ಎಷ್ಟು ಕಷ್ಟ ಕೊಡ್ಲಿಕ್ಕಾಗ್ತದೋ ಅಷ್ಟು ಕೊಟ್ಟು ಮಾಡ್ಲಿ."

ಸಾಹೇಬರಿಗೆ ಅದು ಹಿಡಿಸಿತು. ನನಗೂ ಹಿಡಿಸಿತು, ಬೇರೆ ಕಾರಣಕ್ಕೆ. ಸೋತರೆ ಸೂರತ್ತಿನ ಹುದ್ದೆ ಮತ್ತೆ ತೆರವಾಗುತ್ತದೆ.

ಮೂರೂ ಟವರುಗಳ ಹಳೆಯ ಕೇಬಲ್ಲುಗಳನ್ನು ನಾನೇ ಕೈಯಾರೆ ಕಿತ್ತು, ಮೊದಲನೇ ಕಿಂಡಿಗೆ ಅವನ ಪೆಟ್ಟಿಗೆಯ ಮಿಡಿತವನ್ನು ಕೊಟ್ಟೆ. ಕಿತ್ತ ತಕ್ಷಣ ಏನೂ ಆಗುವುದಿಲ್ಲ. ಟವರಿನ ಯಂತ್ರದೊಳಗೆ ಒಂದು ಹರಳಿರುತ್ತದೆ. ಹೊರಗಿನ ತಾಳ ತಪ್ಪಿದರೂ ಅದು ತನ್ನ ನೆನಪಿನ ಮೇಲೆ ಸಾಕಷ್ಟು ಕಾಲ ಮಿಡಿಯುತ್ತಿರುತ್ತದೆ, ಆಮೇಲೆ ಮೆಲ್ಲಗೆ ಜಾರುತ್ತದೆ. ಜಾರಿದ್ದು ಕರೆ ಕಡಿದಾಗಷ್ಟೇ ಹೊರಗೆ ಕಾಣುವುದು. ಆದ್ದರಿಂದ ಕಾಯಬೇಕು. ಬೇಸಿಗೆ ಬಂದಿತ್ತು, ಸೆಖೆಗೆ ಹರಳು ಹದಗೆಡುತ್ತದೆ. ನಾನು ಅದನ್ನು ನನ್ನ ಕಡೆಯ ಸಾಕ್ಷಿ ಎಂದುಕೊಂಡೆ. ಹೊತ್ತನ್ನೂ ನೋಡಿಯೇ ಆರಿಸಿದೆ. ಮಧ್ಯಾಹ್ನ ಬೆಳಗಿನ ಪಾಳಿ ಬಿಟ್ಟಾಗ ಮಕರಪುರದ ಕಾರ್ಖಾನೆಗಳಿಂದ ಜನ ಹೊರಬಿದ್ದು ಒಟ್ಟಿಗೇ ಫೋನು ಹಚ್ಚುತ್ತಾರೆ. ಆಗ ಈಥರ್ನೆಟ್ಟಿನಲ್ಲಿ ನೂಕುನುಗ್ಗಲು. ಅವನ ಬಿಸಿ ಪಾರ್ಸೆಲ್ಲುಗಳು ತಣ್ಣಗಾಗುವುದಾದರೆ ಆ ಹೊತ್ತಿಗೇ.

ಪರೀಕ್ಷೆ ಎಂದರೆ ಇಷ್ಟು: ಕಂಪನಿಯ ಜೀಪಿನಲ್ಲಿ ಕೂತು ಯಾರಿಗಾದರೂ ಫೋನು ಹಚ್ಚಿ, ಮಾತು ನಿಲ್ಲಿಸದೆ ಮೂರು ಟವರುಗಳ ಸುತ್ತ ತಿರುಗುವುದು. ಒಂದರ ಗಡಿ ದಾಟಿ ಇನ್ನೊಂದಕ್ಕೆ ಹೋಗುವಾಗ ಕರೆ ಉಳಿಯುತ್ತದೋ ಕಡಿಯುತ್ತದೋ ನೋಡುವುದು. ಅಷ್ಟು ಹೊತ್ತು ಮಾತಾಡಲು ಯಾರು ಸಿಗುತ್ತಾರೆ? ಬ್ಯಾಂಕಿನ ಕೌಂಟರು ಮುಚ್ಚಿರುವ ಹೊತ್ತು. ನಾನು ಸೂರತ್ತಿಗೆ, ನನ್ನ ಗಂಡನಿಗೆ ಹಚ್ಚಿದೆ.

ಮೊದಲ ದಿನ ಇಬ್ಬರಿಗೂ ಮಾತು ಹೊಳೆಯಲಿಲ್ಲ. ಸುಮ್ಮನಿದ್ದರೆ ಪರೀಕ್ಷೆ ಕೆಡುತ್ತದೆ.

"ಏನರೆ ಮಾತಾಡ್ರಿ."

"ಏನ್ ಮಾತಾಡ್ಲಿ? ಊಟ ಆತು. ನಿಂದು?"

"ಆತು. ಮುಂದ?"

"ಮುಂದ ಏನು? ಬದ್ನಿಕಾಯಿ ತಂದಿದ್ದೆ. ಹುಳುಕು ಬಂದ್ವು."

ಮೆಲ್ಲಗೆ ಅಭ್ಯಾಸವಾಯಿತು. ಮೇಲಿನ ಮನೆಯವರು ತಂದುಕೊಡುವ ಉಂಧಿಯು ಎಂಬ ತರಕಾರಿ ಪಲ್ಯದ ಎಣ್ಣೆ, ಬ್ಯಾಂಕಿನ ಹೊಸ ಮ್ಯಾನೇಜರರ ಕೆಮ್ಮು, ನನ್ನ ಗಂಡ ಒಬ್ಬರೇ ತಾಪೀ ನದಿಯ ಸೇತುವೆಯ ತನಕ ನಡೆದುಹೋಗುವುದು, ಇವೆಲ್ಲ ನನಗೆ ಗೊತ್ತಾದದ್ದು ಆ ಜೀಪಿನಲ್ಲಿ. ಶನಿವಾರ ಭಾನುವಾರಗಳು ಅಡುಗೆಗೆ, ಬಟ್ಟೆಗೆ, ರೈಲಿನ ಹೊತ್ತು ನೋಡುವುದಕ್ಕೆ ಖರ್ಚಾಗುತ್ತಿದ್ದವು. ಇಷ್ಟು ಮಾತು ನಾವು ಆಡಿರಲೇ ಇಲ್ಲ.

ಡ್ರೈವರು ನಡುವಯಸ್ಸಿನ ಗುಜರಾತಿ. ಭಾಷೆ ತಿಳಿಯದಿದ್ದರೂ ಟವರಿನ ಗಡಿ ಬಂದಾಗ ನಾನು ಮಾತು ನಿಲ್ಲಿಸಿ ಕಿವಿಗೊಡುವುದನ್ನು ನೋಡಿ ಅವನಿಗೂ ಗೊತ್ತಾಗಿತ್ತು. ಗಡಿ ಬಂದರೆ ವೇಗ ತಗ್ಗಿಸಿ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಇಬ್ಬರೂ ಮುಂದೆ ಹೋಗುತ್ತಿದ್ದೆವು.

ನನ್ನ ಗಂಡನಿಗೂ ತಿಳಿಯಿತು.

"ಏ, ಖರೇ ಹೇಳು. ನೀ ನನ್ ಜೋಡಿ ಮಾತಾಡ್ಲಿಕ್ಕೆ ಫೋನ್ ಹಚ್ಚೀಯೋ, ಕಟ್ ಆಗ್ಲಿ ಅಂತ ಹಚ್ಚೀಯೋ?"

"ಕಟ್ ಆದ್ರ ನಾ ಸೂರತ್ತಿಗೆ ಬರ್ತೀನ್ರಿ."

"ಹಂಗಾರ ಕಟ್ ಆಗ್ಲಿ ಬಿಡು," ಎಂದು ನಕ್ಕರು. ಹಿಂದೆಯೇ, "ಆದ್ರ ಪಾಪ, ಆ ಹುಡುಗ ಒಳ್ಳೆಯಾಂವ," ಎಂದರು. ಆ ದಿನ ಎರಡು ಸುತ್ತು ಹೆಚ್ಚು ಹೊಡೆಸಿದೆ.

ಮೂರನೇ ವಾರದಲ್ಲಿ ಒಂದು ದಿನ, ಎರಡನೇ ಟವರಿನ ಗಡಿಯಲ್ಲಿ, ಅವರು ಏನೋ ಹೇಳುತ್ತಿದ್ದಂತೆಯೇ ಫೋನು ಸತ್ತುಹೋಯಿತು. ನಾನು ಜೀಪು ನಿಲ್ಲಿಸಿದೆ. ಡ್ರೈವರು ಇಳಿದು ಬಂದು ಕಿಟಕಿಯ ಬಳಿ ನಿಂತ. "ಕಟ್ ಥಯೂ?" ಎಂದ. ಹೌದೆಂದೆ. ಅವನು ಒಳ್ಳೆಯ ಸುದ್ದಿ ಕೇಳಿದವನಂತೆ ನಕ್ಕು, ಎದುರಿನ ಅಂಗಡಿಯಿಂದ ಚಹಾ ತರಿಸಿದ. ನಾನು ಅಹಮದಾಬಾದಿಗೆ ಹಚ್ಚಿದೆ. ಕುಂದಾಪುರದ ಹುಡುಗನೇ ಎತ್ತಿದ. "ಕರೆ ಕಡಿಯಿತು. ಎರಡನೇ ಗಡಿಯಲ್ಲಿ," ಎಂದೆ. "ಆಯ್ತು ಅಕ್ಕ. ನಾಳೆ ಬೆಳಿಗ್ಗೆ ಬರ್ತೇನೆ," ಎಂದ. ಅವನ ಧ್ವನಿ ಕುಗ್ಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಚಹಾ ಚೆನ್ನಾಗಿತ್ತು.

ಲೋಟ ಖಾಲಿಯಾಗುವ ಮೊದಲೇ ನನ್ನ ಗಂಡನ ಫೋನು ಬಂತು, ಬ್ಯಾಂಕಿನ ಲ್ಯಾಂಡ್‌ಲೈನಿನಿಂದ.

"ತಪ್ಪು ತಿಳ್ಕೋಬ್ಯಾಡ. ಮ್ಯಾನೇಜರ್ ಕರದ್ರು, ಮಾತಾಡ್ಕೋತನ ಸ್ಟ್ರಾಂಗ್ ರೂಮಿಗೆ ಹೋಗಿಬಿಟ್ಟೆ. ಉಕ್ಕಿನ ಬಾಗಲ, ದಪ್ಪ ಗ್ವಾಡಿ. ಅಲ್ಲೆ ಎಲ್ಲಿ ಸಿಗ್ನಲ್ ಬರ್ತದ? ನಿಂದಲ್ಲ ಕಟ್ ಆಗಿದ್ದು, ನಂದು."

ಅಹಮದಾಬಾದಿಗೆ ಮತ್ತೆ ಹಚ್ಚಿ ಹುಡುಗನಿಗೆ ಹೇಳಬೇಕಾಯಿತು. ಅವನು ಗಟ್ಟಿಯಾಗಿ ನಕ್ಕ. "ಭಾವನಿಗೆ ಥ್ಯಾಂಕ್ಸ್ ಹೇಳಿ ಮಾರಾಯ್ರೆ! ನನ್ನ ಜೀವ ಹೋಗಿ ಬಂತು," ಎಂದ. ಡ್ರೈವರಿಗೂ ಹೇಳಿದೆ. ಅವನಿಗೆ ಚಹಾ ತರಿಸಿದ್ದಕ್ಕೆ ಬೇಸರವಾದಂತೆ ಕಂಡಿತು.

ಬೇಸಿಗೆ ಪೂರ್ತಿ ತಿರುಗಿದೆ. ಅಳತೆಯ ಯಂತ್ರ ತರಿಸಿ ಮಿಡಿತವನ್ನೂ ಅಳೆದೆ. ಪಾಳಿ ಬಿಡುವ ಹೊತ್ತಿಗೆ ಅದು ಕೊಂಚ ಅಲುಗುತ್ತಿತ್ತು, ಮಿತಿಯ ಹೊರಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಟವರಿನ ಕೋಣೆಯ ಎ.ಸಿ. ನಿಂತಿತು. ಒಳಗೆ ಕೈಯಿಡಲಾಗದಷ್ಟು ಸೆಖೆ. ನಾನು ಓಡಿಹೋಗಿ ಅಳೆದೆ. ಆಗಲೂ ಮಿಡಿತ ಮಿತಿ ದಾಟಲಿಲ್ಲ. ಪೆಟ್ಟಿಗೆಯ ಪಕ್ಕ ಬೆವರಿಳಿಸುತ್ತಾ ನಿಂತಿದ್ದಾಗ, ಇದು ಒಳ್ಳೆಯ ಕೆಲಸ ಎಂದು ಅನ್ನಿಸಿದ್ದು ನೆನಪಿದೆ. ಅದರಿಂದ ಅಸೂಯೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕೆಟ್ಟ ಕೆಲಸದವನ ಮೇಲೆ ಸಿಟ್ಟು ಬರುತ್ತದೆ, ಅದು ಹೋಗುತ್ತದೆ ಕೂಡ. ಇದು ಹೋಗುವಂಥದಲ್ಲ.

ಪರೀಕ್ಷೆಯ ಫಲಿತಾಂಶವನ್ನು ನಾನೇ ಮೀಟಿಂಗಿನಲ್ಲಿ ಹೇಳಿದೆ. ಈಥರ್ನೆಟ್ ಮೇಲೆ ಕ್ಲಾಕ್ ನಿಂತಿದೆ, ಇದಕ್ಕಿಂತ ಕಷ್ಟದ ಪರೀಕ್ಷೆ ನನಗೆ ತೋಚಲಿಲ್ಲ ಎಂದೆ. ಸಾಹೇಬರು ಮೇಜು ತಟ್ಟಿದರು. ಮೊದಲಿನ ಗೆಲುವಿನ ಬಗ್ಗೆ ಯಾರಿಗಾದರೂ ಅನುಮಾನ ಇದ್ದಿರಬಹುದು. ಈ ಗೆಲುವಿನ ಬಗ್ಗೆ ಯಾರಿಗೂ ಉಳಿಯಲಿಲ್ಲ. ಅವನನ್ನು ಸೂರತ್ತಿನ ಮುಖ್ಯಸ್ಥನೆಂದು ಅಲ್ಲೇ ಘೋಷಿಸಿದರು.

ಹೊರಗೆ ಬಂದಾಗ ಅವನು ನನ್ನ ಪಕ್ಕದಲ್ಲಿ ನಿಂತು, "ಅಕ್ಕ, ನಿಮ್ಮನ್ನೂ ಸೂರತ್ತಿಗೆ ಕೊಡಿ ಅಂತ ನಾನು ಸಾಹೇಬರಿಗೆ ಹೇಳಿದ್ದೆ," ಎಂದ.

"ಏನಂದ್ರು?"

ಅವನು ಸಂಕೋಚದಿಂದ ಬೂಟಿನ ತುದಿ ನೋಡಿದ. "ಹಾಕುವವನು ಒಬ್ಬ, ನೋಡುವವರು ಇನ್ನೊಬ್ರು ಇರ್ಬೇಕಂತೆ. ಕೆಡ್ಲಿ ಅಂತ ನೋಡುವವರೇ ಬೇಕಂತೆ. ಸೂರತ್ತಿನ ಎಲ್ಲ ಟವರಿನ ಕ್ಲಾಕ್ ಇನ್ನು ವಡೋದರಾದಿಂದ ನೀವೇ ಪಾಸ್ ಮಾಡ್ಬೇಕಂತೆ. ನಿಮ್ಮನ್ನು ಅಲ್ಲಿಂದ ಬಿಡುದೇ ಇಲ್ಲ ಅಂದ್ರು."

ಸಾಹೇಬರು ಆಮೇಲೆ ನನಗೂ ಅದನ್ನೇ ಹೇಳಿದರು, ಹೊಗಳಿಕೆಯಾಗಿ. ಸಂಬಳವನ್ನೂ ಹೆಚ್ಚಿಸಿದರು.

ಅವನು ಸೂರತ್ತಿಗೆ ಹೋದ. ಮನೆ ಸಿಗುವ ತನಕ ಎಂದು ನನ್ನ ಗಂಡ ಅವನನ್ನು ನಮ್ಮಲ್ಲೇ ಇಳಿಸಿಕೊಂಡರು. ನನ್ನನ್ನು ಕೇಳಿಯೇ ಮಾಡಿದ್ದು, ಬೇಡವೆನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಆ ಶನಿವಾರ ಹೋದಾಗ ಬಾಗಿಲ ಬಳಿ ಅವನ ಚಪ್ಪಲಿಗಳಿದ್ದವು. ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಚೀಲ, ಮಿಡಿ ಉಪ್ಪಿನಕಾಯಿಯ ಭರಣಿ. ಜೋಳದ ಹಿಟ್ಟಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದ್ದರು. ಅದನ್ನು ಇಳಿಸಲು ನಾನು ಸ್ಟೂಲು ಹುಡುಕಬೇಕಾಯಿತು.

"ಇರ್ಲಿ ಅಕ್ಕ, ನಾನು ತೆಗ್ದು ಕೊಡ್ತೇನೆ," ಎಂದ.

"ನಾನ ತಕ್ಕೋತೀನಿ."

ಊಟಕ್ಕೆ ಕೂತಾಗ ಅವನು ಬಡಿಸಿದ. ನನ್ನ ಗಂಡ ಗಂಜಿ ಕುಡಿಯುತ್ತಿದ್ದರು, ಉಪ್ಪಿನಕಾಯಿ ನೆಂಚಿಕೊಂಡು. ಅವರಿಗೆ ಗಂಜಿ ಎಂದರೆ ಜ್ವರದವರ ಊಟ ಎಂದೇ ನಾನು ಕೇಳಿಕೊಂಡು ಬಂದಿದ್ದೆ. ಸಂಜೆ ಅವರಿಬ್ಬರೂ ತಾಪೀ ಸೇತುವೆಯ ತನಕ ನಡೆದುಬರುತ್ತಾರೆಂದು ಗೊತ್ತಾಯಿತು. ಮ್ಯಾನೇಜರರ ಕೆಮ್ಮನ್ನು ಅವನು ಅಣಕಿಸಿ ತೋರಿಸಿದ. ನನ್ನ ಗಂಡ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ಕೆಮ್ಮಿನ ಸುದ್ದಿಯನ್ನು ಜೀಪಿನಲ್ಲಿ ಮೊದಲು ಕೇಳಿದವಳು ನಾನು.

ಮನೆ ಸಿಗುವುದು ತಡವಾಯಿತು. ಅವನು ಹುಡುಕುತ್ತಿದ್ದ, ಅದು ನಿಜ. ಮಾಂಸ ತಿನ್ನುವುದಿಲ್ಲ ಎಂದು ಆಣೆ ಮಾಡಿ ಹೇಳಿದರೂ ಒಂಟಿ ಗಂಡಸಿಗೆ ಬಾಡಿಗೆಗೆ ಕೊಡುವವರಿರಲಿಲ್ಲ. ಮಳೆಗಾಲ ಕಳೆಯಿತು. ಸೂರತ್ತಿನ ಟವರುಗಳನ್ನು ನಾನು ಒಂದೊಂದಾಗಿ ಪರೀಕ್ಷಿಸಿ ಪಾಸು ಮಾಡುತ್ತಾ ಹೋದೆ. ಒಂದು ಮಾತ್ರ ಸೋತಿತು. ಆ ಸುದ್ದಿಯನ್ನು ಅವನಿಗೆ ಹೇಳುವಾಗ ಧ್ವನಿಯನ್ನು ಸಮನಾಗಿ ಇಟ್ಟುಕೊಂಡೆ. ಅವನು ಅದೇ ದಿನ ಸರಿಪಡಿಸಿ, "ನೀವು ನೋಡದಿದ್ರೆ ಮರ್ಯಾದೆ ಹೋಗ್ತಿತ್ತು ಅಕ್ಕ," ಎಂದ. ಅದೂ ಮನಸಾರೆ ಹೇಳಿದ್ದು.

ನವರಾತ್ರಿಯ ಹಿಂದಿನ ಭಾನುವಾರ ಸಂಜೆ ಇಬ್ಬರೂ ನನ್ನನ್ನು ಸೂರತ್ ಸ್ಟೇಷನ್ನಿಗೆ ಬಿಡಲು ಬಂದರು. ಅವನು ಬ್ಯಾಗು ಹೊತ್ತು ತಂದು ಸೀಟಿನ ಕೆಳಗೆ ಇಟ್ಟ. ನನ್ನ ಗಂಡ ಕಿಟಕಿಯ ಹತ್ತಿರ ಬಂದು, "ಮುಟ್ಟಿದ ಕೂಡ್ಲೆ ಫೋನ್ ಹಚ್ಚು," ಎಂದರು. ಹಚ್ಚುತ್ತೇನೆ ಎಂದೆ. ಗಾಡಿ ಇನ್ನೂ ಹೊರಟಿರಲಿಲ್ಲ. ಎಂಜಿನ್ನಿನ ಕಡೆಯಿಂದ ಏನೋ ಗದ್ದಲ, ಜನ ಹತ್ತುತ್ತಲೇ ಇದ್ದರು. ಇಬ್ಬರೂ ಕೈಯೆತ್ತಿದರು. ಅವನು ಅವರ ಕಿವಿಯ ಹತ್ತಿರ ಏನೋ ಹೇಳಿದ, ಅವರು ನಕ್ಕು ಅವನ ಹೆಗಲ ಮೇಲೆ ಕೈಯಿಟ್ಟರು. ಇಬ್ಬರೂ ತಿರುಗಿ ಹೊರಟರು. ಗಾಡಿ ಅಲುಗುವ ಮೊದಲೇ ಅವರು ಮೆಟ್ಟಿಲು ಹತ್ತಿ ಮರೆಯಾಗಿದ್ದರು.